ಬೈಟು ಬಟ್ಟಲು

ನಮ್ಮೂರಲ್ಲಿ ಬಸ್ಸು ನಿಂತುಹೋದದ್ದು ನೂಡಲ್ಸಿನಿಂದ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ, ನಗಲಿ. ಹತ್ತೊಂಬತ್ತು ವರ್ಷ ನಾಲ್ಕನೇ ನಂಬರ್ ಬಸ್ಸಿನಲ್ಲಿ ಕಂಡಕ್ಟರಾಗಿದ್ದವಳು ನಾನು, ಹೆಸರು ರಾಜಮಣಿ. ಆ ಬಸ್ಸಿನ ಡ್ರೈವರು ನಮ್ಮ ಯಜಮಾನರು, ಮರಿಸ್ವಾಮಿ. ಸ್ಟೇಷನ್ನಿನಿಂದ ಹೊರಟು ಸಂತೆಪೇಟೆ, ಕೋರ್ಟು, ಆಸ್ಪತ್ರೆ, ಕಾಲೇಜು ಎಲ್ಲ ಸುತ್ತಿ ಕೆರೆ ಏರಿ ಮುಟ್ಟುವಷ್ಟರಲ್ಲಿ ಒಂದೂಕಾಲು ಗಂಟೆ ಆಗುತ್ತಿತ್ತು. ನೂಡಲ್ಸ್ ಅಂಗಡಿಯಲ್ಲಿ ಒಂದು ಬಟ್ಟಲು ಮುಗಿಸುವುದಕ್ಕೆ ಹತ್ತು ನಿಮಿಷ ಸಾಕು. ಜನ ಯಾವುದಕ್ಕೆ ಹತ್ತುತ್ತಾರೆ, ನೀವೇ ಹೇಳಿ.

ಅಂಗಡಿಯ ಹೆಸರು ಬೋರ್ಡಿನ ಮೇಲೆ ಯಾವುದೋ ಪೂರ್ವ ದೇಶದ ಲಿಪಿಯಲ್ಲಿದೆ. ನಮಗ್ಯಾರಿಗೂ ಅದನ್ನು ಓದಲು ಬರುವುದಿಲ್ಲ. ಕೆಳಗೆ ಕನ್ನಡದಲ್ಲಿ ಕೋರ್ಟ್ ಶಾಖೆ, ಆಸ್ಪತ್ರೆ ಶಾಖೆ ಎಂದು ಬರೆದಿರುತ್ತದೆ. ಒಟ್ಟು ಆರು ಶಾಖೆ. ಆರರಲ್ಲೂ ಅದೇ ಕರಿ ಮರದ ಬೆಂಚು, ಅದೇ ಕೆಂಪು ಕಾಗದದ ದೀಪ, ಬಾಗಿಲಿನಿಂದ ಮೂರನೇ ಮೇಜಿನ ಹಿಂದಿನ ಗೋಡೆಯಲ್ಲಿ ಅದೇ ಅಂಗೈ ಅಗಲದ ಎಣ್ಣೆ ಕಲೆ. ಕರಿ ಏಪ್ರನ್ ಕಟ್ಟಿಕೊಂಡ ಸಪ್ಲೈಯರುಗಳು ಮಾತಾಡುವುದಿಲ್ಲ. ನೀವು ಹೇಳಿದ್ದನ್ನು ತಂದಿಡುತ್ತಾರೆ, ಅಷ್ಟೆ. ಕೆಂಪು ಖಾರದ ಸಾರಿನದನ್ನು ಪೂರ್ತಿ ಮುಗಿಸಿ ಬಾಗಿಲು ನೂಕಿದರೆ ಎದುರಿಗೆ ಕೋರ್ಟ್ ರಸ್ತೆ. ಶುಂಠಿ ಸಾರಿನದು ಆಸ್ಪತ್ರೆ. ತೆಂಗಿನಹಾಲಿನದು ಕೆರೆ ಏರಿ. ಮೊಟ್ಟೆ ಒಡೆದು ಹಾಕಿದ್ದು ಕಾಲೇಜು. ಎಳ್ಳೆಣ್ಣೆಯಲ್ಲಿ ಹುರಿದ ಒಣದು ಸಂತೆಪೇಟೆ. ಹುಳಿ ಸಾರಿನದು ಸ್ಟೇಷನ್. ಬಟ್ಟಲಲ್ಲಿ ಉಳಿಸಿದಿರೋ, ಹತ್ತಿದ ಕಡೆಯೇ ಇಳಿಯುತ್ತೀರಿ.

ಇದು ಹೇಗೆ ಎಂದು ಮೊದಮೊದಲು ಕೇಳಿದವರಿದ್ದರು. ಆಮೇಲೆ ಎಲ್ಲರಿಗೂ ಕೆಲಸಕ್ಕೆ ಹೊತ್ತಾಗುತ್ತಿತ್ತು, ಕೇಳುವುದು ಬಿಟ್ಟರು. ದಿನಾ ಖಾರ ಉಂಡೂ ಉಂಡೂ ಊರಿನ ವಕೀಲರಿಗೆಲ್ಲ ಹೊಟ್ಟೆಯುರಿ ಹತ್ತಿತು. ನಮ್ಮ ಬೀದಿಯ ಪುರೋಹಿತರ ಮನೆಯ ಅಜ್ಜಿ ಮೊಟ್ಟೆಯ ದೆಸೆಯಿಂದ ಮೊಮ್ಮಗಳ ಕಾಲೇಜಿನ ಮುಖವನ್ನೇ ನೋಡಲಿಲ್ಲ. ಹೆರಿಗೆ ನೋವು ಬಂದ ಹೆಂಗಸಿನ ಪಕ್ಕ ಅವಳ ಅತ್ತೆ ಕೂತು, ನುಂಗವ್ವ ನುಂಗವ್ವ ಎನ್ನುತ್ತ ಶುಂಠಿ ಸಾರು ಉಣ್ಣಿಸುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹೆಣ ಮಾತ್ರ ಈಗಲೂ ಹೆಗಲ ಮೇಲೆಯೇ ಹೋಗುತ್ತದೆ, ಹೆಣ ಉಣ್ಣುವುದಿಲ್ಲವಲ್ಲ.

ಬಸ್ಸು ನಿಂತ ಮೇಲೆ ನಾವಿಬ್ಬರೂ ಆ ಅಂಗಡಿಗೆ ಕಾಲಿಡುವುದಿಲ್ಲವೆಂದು ಹಟ ಹಿಡಿದಿದ್ದೆವು. ಎಲ್ಲಿಗೆ ಹೋಗುವುದಾದರೂ ನಡೆದೇ ಹೋಗುತ್ತಿದ್ದೆವು. ಆದರೆ ಒಂದು ದಿನ ನೌಕರಿಯ ಕಾಗದಕ್ಕೆ ಸಹಿ ಹಾಕಲು ಕೋರ್ಟಿಗೆ ಹನ್ನೆರಡಕ್ಕೆ ಬನ್ನಿ ಎಂದರು. ನೆತ್ತಿ ಸುಡುವ ಬಿಸಿಲು. ಸ್ಟೇಷನ್ ಶಾಖೆಯ ಮುಂದೆ ನಮ್ಮ ಯಜಮಾನರು ನಿಂತು, "ಇವತ್ತೊಂದಿನ ತಾನೆ, ಬಾಮ್ಮಿ" ಅಂದರು. ಹೋದೆವು.

ನಮ್ಮಿಬ್ಬರದು ಮೊದಲಿನಿಂದಲೂ ಬೈಟು. ಪ್ರತಿ ಟ್ರಿಪ್ಪಿನ ಕೊನೆಗೆ ಕೆರೆ ಏರಿಯ ಹೋಟೆಲಿನಲ್ಲಿ ಒಂದು ಕಾಫಿ, ಎರಡು ಲೋಟ. ಹತ್ತೊಂಬತ್ತು ವರ್ಷದಲ್ಲಿ ನಾನು ಒಂಟಿಯಾಗಿ ಒಂದು ಪೂರಾ ಕಾಫಿ ಕುಡಿದದ್ದು ನೆನಪಿಲ್ಲ. ಅವತ್ತೂ ಬಾಯಲ್ಲಿ ಅದೇ ಬಂತು. "ಒಂದು ಕೆಂಪು ಸಾರಿಂದು, ಬೈಟು ಮಾಡಿ" ಅಂದೆ. ಸಪ್ಲೈಯರ್ ನಮ್ಮನ್ನು ನೋಡಿದ. ನೋಡಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದ ಎಂದು ಈಗ ಅನಿಸುತ್ತದೆ. ಆಮೇಲೆ ಒಂದು ಬಟ್ಟಲನ್ನೂ ಒಂದು ಚಿಕ್ಕ ಕಪ್ಪನ್ನೂ ತಂದಿಟ್ಟು ಹೋದ. ನಮ್ಮ ಯಜಮಾನರು ಕಪ್ಪಿಗೆ ಒಂದಿಷ್ಟು ಬಗ್ಗಿಸಿಕೊಂಡು ಬಟ್ಟಲನ್ನು ನನ್ನ ಕಡೆ ತಳ್ಳಿದರು.

"ಸರಿಯಾಗಿ ಹಂಚ್ರೀ" ಅಂದೆ.

"ಸರಿಯಾಗೇ ಅದೆ ಕನಮ್ಮಿ, ಬಿರ್ನೆ ತಿನ್ನು. ಹನ್ನೆರಡಾಯ್ತಾ ಬಂತು" ಅಂದರು.

ಇಬ್ಬರೂ ಒಟ್ಟಿಗೇ ಎದ್ದೆವು. ನಾನು ಬಾಗಿಲು ನೂಕಿದೆ. ಕೋರ್ಟ್ ರಸ್ತೆಯ ಬಿಸಿಲು ಮುಖಕ್ಕೆ ಹೊಡೆಯಿತು. ಹಿಂದೆ ಬರುವವರಿಗೆ ಬಡಿಯಬಾರದೆಂದು ಬಾಗಿಲನ್ನು ಕೈಯಲ್ಲಿ ಹಿಡಿದು ನಿಂತೆ. ಯಾರೂ ಬರಲಿಲ್ಲ. ತಿರುಗಿ ಒಳಗೆ ನೋಡಿದರೆ ಮೂರನೇ ಮೇಜಿನಲ್ಲಿ ಕರಿ ಕೋಟಿನ ನಾಲ್ವರು ಕೂತು ಉಣ್ಣುತ್ತಿದ್ದರು. ಮತ್ತೆ ಸ್ಟೇಷನ್ ಶಾಖೆಗೆ ಹೋದೆ, ಅಲ್ಲಿಯೂ ಇಲ್ಲ. ಅವತ್ತು ಸಂಜೆಯೊಳಗೆ ಆರೂ ಶಾಖೆ ಸುತ್ತಿದೆ, ಹೊಟ್ಟೆ ಬಿರಿಯುವಂತೆ ಉಂಡೆ, ಕೆರೆ ಏರಿಯಲ್ಲಿ ಕೂತು ಎಲ್ಲ ವಾಂತಿ ಮಾಡಿಕೊಂಡೆ. ಪೊಲೀಸ್ ಠಾಣೆಯ ದಫೇದಾರ ಎಲ್ಲ ಬರೆದುಕೊಳ್ಳುತ್ತಿದ್ದವನು ಬೈಟು ಎಂದ ತಕ್ಷಣ ಪೆನ್ನು ಕೆಳಗಿಟ್ಟ. "ನಿಮ್ಮಂಗೆ ಇನ್ನೂ ಅವ್ರೆ ಕನಮ್ಮ. ನಾವು ಬರ್ಕೊಂಡು ಏನ್ ಮಾಡಾದು" ಎಂದು ನೀರು ತರಿಸಿಕೊಟ್ಟ.

ಐದು ತಿಂಗಳು ದಿನಾ ಯಾವುದಾದರೊಂದು ಶಾಖೆಯಲ್ಲಿ ಕೂರುತ್ತಿದ್ದೆ. ಕೂತು ಕೂತು ಒಂದು ವಿಷಯ ಗಮನಕ್ಕೆ ಬಂತು. ಜನ ಉಳಿಸಿದ ಬಟ್ಟಲುಗಳನ್ನು ಸಪ್ಲೈಯರುಗಳು ಪರದೆಯ ಹಿಂದಕ್ಕೆ ಒಯ್ಯುತ್ತಾರೆ, ಆದರೆ ಅಲ್ಲಿಂದ ಪಾತ್ರೆ ತೊಳೆಯುವ ಸದ್ದು ಬರುವುದಿಲ್ಲ. ನಲ್ಲಿಯ ಸದ್ದೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದೇ ಬಟ್ಟಲುಗಳು ಬರಿದಾಗಿ ಹೊರಗೆ ಬರುತ್ತವೆ. ಯಾರೋ ಬೆರಳಲ್ಲಿ ಬಳಿದು ತಿಂದಷ್ಟು ಬರಿದು. 

ಆಗಲೇ ಇಕ್ಬಾಲ್ ಮೇಷ್ಟ್ರು ಹೊರಗೆ ಬಂದರು. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಹದಿನಾಲ್ಕು ತಿಂಗಳ ಹಿಂದೆ ಕಾಣೆಯಾದವರು, ಊರಿಗೆಲ್ಲ ಗೊತ್ತು. ಆಸ್ಪತ್ರೆ ಶಾಖೆಯ ಎದುರು ನಾನು ನಿಂತಿದ್ದಾಗ ಬಾಗಿಲು ತೆರೆದು, ಬೆಳಕಿಗೆ ಕಣ್ಣು ಬಿಡಲಾರದೆ ಗೋಡೆ ಹಿಡಿದು ನಿಂತರು. ಉಗುರು ಬೆಳೆದಿತ್ತು, ಕಾಲರ್ ಕುತ್ತಿಗೆಗೆ ಎರಡು ಸುತ್ತು ದೊಡ್ಡದಾಗಿತ್ತು. ಅವರನ್ನು ಜಗಲಿ ಮೇಲೆ ಕೂರಿಸಿ ನೀರು ಕುಡಿಸಿದೆ. ಅವರು ಹೇಳಿದ್ದು ಇಷ್ಟು.

"ಬೈಟು ಮಾಡಿದ್ರೆ ದೊಡ್ಡ ಪಾಲು ತಿಂದವರು ದಾಟ್ತಾರಮ್ಮ. ಸಣ್ಣ ಪಾಲಿನವರು ಅರ್ಧಕ್ಕೇ ಉಳೀತಾರೆ. ಅದೂ ಇದೇ ಅಂಗಡಿನೇ, ಇದೇ ಬೆಂಚು, ಗೋಡೆ ಮೇಲೆ ಇದೇ ಕಲೆ. ಬಾಗಿಲು ಮಾತ್ರ ತೆರೆಯಲ್ಲ. ನೀವೆಲ್ಲ ಇಲ್ಲಿ ಬಿಟ್ಟ ಎಂಜಲು ಅಲ್ಲಿಗೆ ಬರುತ್ತೆ. ಅದನ್ನೇ ತಿಂದು ಜೀವ ಹಿಡ್ಕೊಂಡಿರೋದು. ಯಾರಾದ್ರೂ ಮುಟ್ಟದೇ ಬಿಟ್ಟ ತುಂಬಿದ ಬಟ್ಟಲು ಬಂದ್ರೆ ಮಾತ್ರ ಅದನ್ನ ಉಂಡವರಿಗೆ ಬಾಗಿಲು ತೆರೆಯೋದು. ಈಗ ಹೊರಗೆ ಬರ್ತಾ ಕೇಳಿದೆ, ಯಾರೋ ಹೆಂಗಸಿಗೆ ನೋವು ಜೋರಾಗಿ ಹಂಗೇ ಬಿಟ್ಟು ಎದ್ದರಂತಲ್ಲ, ಆ ಬಟ್ಟಲೇ ಇವತ್ತು ಬಂದಿದ್ದು."

ಮಾತು ಮುಗಿಯುವ ಮೊದಲೇ ನಾನು ಕೇಳಿದೆ. ಖಾಕಿ ಶರ್ಟು, ಎತ್ತರದ ಆಳು, ಎಡಗಿವಿ ಸ್ವಲ್ಪ ಮಂದ.

ಮೇಷ್ಟ್ರು ನನ್ನ ಕೈ ಹಿಡಿದುಕೊಂಡರು. "ಬಟ್ಟಲು ಬಂದಿದ್ದು ಅವರ ಮುಂದಕ್ಕೇ ಅಮ್ಮ. ಅವರೇ ನನ್ನ ಕೂಗಿ ಕೊಟ್ಟಿದ್ದು. ಅವರು ಬಂದ ಮೇಲೆ ಅಲ್ಲಿ ಎಲ್ಲರೂ ಸಾಲಲ್ಲಿ ನಿಲ್ಲೋ ಹಾಗಾಯ್ತು. ಮುಂಚೆ ಒಬ್ಬರ ಕೈಯಿಂದ ಒಬ್ಬರು ಕಿತ್ಕೊಳ್ತಿದ್ರು. ನೀವೇ ಹೋಗಿ ಸ್ವಾಮಿ ಅಂದೆ. ಪ್ಯಾಸೆಂಜರ್ ಇಳೀದೆ ಡ್ರೈವರ್ ಇಳಿಯೋದುಂಟಾ ಮೇಷ್ಟ್ರೇ ಅಂದ್ರು."

ನನಗೆ ಸಿಟ್ಟು ನೆತ್ತಿಗೇರಿತು. ಅಲ್ಲೇ ರಸ್ತೆಯಲ್ಲಿ ನಿಂತು ಆ ಮುಚ್ಚಿದ ಬಾಗಿಲಿಗೆ ಬೈದೆ. ದೊಡ್ಡ ಮನುಷ್ಯನಾಗಲು ಹೊರಟಿದ್ದೀರಾ, ಮನೆಯಲ್ಲಿ ಒಬ್ಬಳಿದ್ದಾಳೆ ಎನ್ನುವುದು ಮರೆತುಹೋಯಿತಾ ಎಂದು. ಬೈದು ಬೈದು ಅಳು ಬಂತು. ಹತ್ತೊಂಬತ್ತು ವರ್ಷದ ಕಾಫಿಯಲ್ಲೂ ದೊಡ್ಡ ಪಾಲು ನನ್ನ ಲೋಟಕ್ಕೇ ಬಿದ್ದಿತ್ತು ಎಂಬುದು ಆ ಹೊತ್ತಿಗೆ ಹೊಳೆಯಿತು. ಅಲ್ಲಿಯವರೆಗೆ ಒಂದು ದಿನವೂ ನಾನು ಲೋಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದವಳಲ್ಲ.

ಎಷ್ಟು ಜನ ಇದ್ದಾರೆ ಎಂದು ಮೇಷ್ಟ್ರನ್ನು ಕೇಳಿದೆ. ನಲವತ್ತೊಂದು ಎಂದರು. ಸರಿ, ನಲವತ್ತೊಂದು ಬಟ್ಟಲು ಅಂದುಕೊಂಡೆ. ಮಾರನೇ ದಿನದಿಂದ ನಾನೊಂದು ಶಾಖೆಯಲ್ಲಿ, ಮೇಷ್ಟ್ರೊಂದು ಶಾಖೆಯಲ್ಲಿ ಕೂತು, ತುಂಬಿದ ಬಟ್ಟಲು ತರಿಸಿ ಬಾಯಿಗಿಡದೇ ಎದ್ದು ಬರಲು ಶುರುಮಾಡಿದೆವು. ಹಬೆಯಾಡುವ ಬಟ್ಟಲನ್ನು ಬಿಟ್ಟು ಏಳುವುದು ಹಸಿದವಳಿಗೆ ಸುಲಭವಲ್ಲ. ಅರ್ಧ ಗಂಟೆಯೊಳಗೆ ಬಾಗಿಲಿನಿಂದ ಒಬ್ಬರು ಬರುತ್ತಿದ್ದರು. ಕಾಲೇಜಿನ ಹುಡುಗಿ, ಸಂತೆಪೇಟೆಯ ಬಳೆ ಮಾರುವವನು, ಮದುವೆಯಾದ ಮೂರನೇ ದಿನ ಮಾಯವಾಗಿದ್ದ ಮದುಮಗ, ಅವನ ಕೈಯಲ್ಲಿ ಇನ್ನೂ ಕಂಕಣ. ಬಂದವರನ್ನೆಲ್ಲ ಕೇಳುತ್ತಿದ್ದೆ, "ಡ್ರೈವರ್ರು ಹೆಂಗವ್ರೆ?" ಚೆನ್ನಾಗಿದ್ದಾರೆ, ಸ್ವಲ್ಪ ಸೊರಗಿದ್ದಾರೆ ಎನ್ನುತ್ತಿದ್ದರು. ಒಬ್ಬಳು ಹೇಳಿದಳು, ನನ್ನ ಹಳೆಯ ಅಭ್ಯಾಸದಂತೆ ಬಟ್ಟಲಿನ ಅಂಚಿಗೆ ಹಸಿಮೆಣಸಿನಕಾಯಿ ಎತ್ತಿಟ್ಟಿದ್ದರೆ ಅದು ನಮ್ಮ ಮಣಿ ಬಿಟ್ಟಿದ್ದು ಎಂದು ಅವರು ಎಲ್ಲರಿಗೂ ತೋರಿಸುತ್ತಾರಂತೆ. ಆಮೇಲೆ ನಾನು ಮೆಣಸಿನಕಾಯಿ ಎತ್ತಿಡುವುದನ್ನು ತಪ್ಪಿಸಲಿಲ್ಲ.

ಮೂವತ್ತೆಂಟು ಜನ ಬಂದಾಗಿತ್ತು. ಇನ್ನು ಎರಡು ದಿನ, ಹೆಚ್ಚೆಂದರೆ ಮೂರು ದಿನ ಎಂದು ಮನೆ ಸಾರಿಸಿ, ಅವರ ಹಾಸಿಗೆ ಬಿಸಿಲಿಗೆ ಹಾಕಿದೆ. ಆವತ್ತು ಹೊರಗೆ ಬಂದವಳು ತಾಯವ್ವ ಎಂಬ ಮುದುಕಿ, ಸಂತೆಪೇಟೆಯಲ್ಲಿ ಸೊಪ್ಪು ಮಾರುತ್ತಿದ್ದವಳು. ಅವಳನ್ನು ಎಂಟು ದಿನದ ಹಿಂದೆ ನಾನೇ ಸಂತೆಯಲ್ಲಿ ನೋಡಿದ್ದೆ. ಬೈಟು ಮಾಡಿದರೆ ಏನಾಗುತ್ತದೆಂದು ಅಷ್ಟರಲ್ಲಿ ಊರಿಗೆಲ್ಲ ತಿಳಿದಿತ್ತು.

"ಯಾರ ಜೊತೇಲಿ ಹೋಗಿದ್ದೆ ತಾಯವ್ವ?"

"ನನ್ ಸೊಸೆ ಕನವ್ವ. ಆಸ್ಪತ್ರೆಗೆ ತೋರ್ಸ್ಕೊಂಡು ಬರವ ಅಂತ ಕರ್ಕೊಂಡೋದ್ಲು. ಅತ್ತೆ, ನಿಮ್ಗೆ ಅಷ್ಟೊಂದು ಉಣ್ಣಕಾಯ್ತದಾ, ಬೈಟು ಮಾಡವ ಅಂದ್ಲು." ಮುದುಕಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ಮುದ್ಕಿ ಅಂತ ಡ್ರೈವರ್ರು ನನ್ನ ಸಾಲಲ್ಲಿ ಮುಂದ್ಕೆ ಬುಟ್ರು. ಒಳ್ಗೆ ಜನ ತುಂಬವ್ರೆ ಕನವ್ವ. ದಿನಾ ಇಬ್ರು ಮೂವರು ಬತ್ತಾವ್ರೆ."

ಅವಳನ್ನು ಮನೆಗೆ ಬಿಟ್ಟು ಬಂದೆ. ಸೊಸೆ ಬಾಗಿಲು ತೆರೆದು ಒಳಗೆ ಕರೆದುಕೊಂಡಳು. ಮುಂದಿನ ವಾರ ತಾಯವ್ವ ಮತ್ತೆ ಸಂತೆಯಲ್ಲಿರಲಿಲ್ಲ.

ಅಂದಿನಿಂದ ನಾನು ಅಂಗಡಿಯೊಳಗೆ ಕಣ್ಣುಬಿಟ್ಟು ಕೂರಲಾರಂಭಿಸಿದೆ. ಬೇಡದ ಭಾವ, ಬುದ್ಧಿ ಸ್ವಲ್ಪ ಮಂದವಾದ ತಂಗಿ, ಪಾಲು ಕೇಳುವ ದಾಯಾದಿ, ಹೀಗೆ ಒಬ್ಬೊಬ್ಬರನ್ನೇ ನಯವಾಗಿ ಮಾತಾಡಿಸಿಕೊಂಡು ಕರೆತರುತ್ತಿದ್ದರು. ಕರೆತಂದವರು ಬಟ್ಟಲಿನ ಎದುರು, ಬಂದವರು ಕಪ್ಪಿನ ಎದುರು. ಊರಿನಲ್ಲಿ ಅದಕ್ಕೊಂದು ಮಾತೂ ಹುಟ್ಟಿಕೊಂಡಿತ್ತು. ಯಾರದಾದರೂ ಕಾಟ ತಡೆಯಲಾಗದಿದ್ದರೆ, ಒಂದು ದಿನ ಕಾಫಿಗೆ ಕರೆದಂತೆ ಕರೆದುಬಿಡು ಎನ್ನುತ್ತಿದ್ದರು. ಎನ್ನುವವರೆಲ್ಲ ಒಳ್ಳೆಯ ಮನೆಯವರೇ, ನಮ್ಮ ಬಸ್ಸಿನಲ್ಲಿ ಓಡಾಡಿದವರೇ. ಒಳಗಿನ ಸಾಲು ಹೀಗೆ ಬೆಳೆಯುತ್ತಿದ್ದರೆ ಅದರ ಕೊನೆಯಲ್ಲಿ ನಿಂತ ನಮ್ಮ ಯಜಮಾನರು ಹೊರಗೆ ಬರುವುದೆಂದಿಗೆ?

ನಾನು ಗಂಟಲು ಹರಿಯುವಂತೆ ಕೂಗತೊಡಗಿದೆ. "ಒಬ್ಬರಿಗೊಂದು ಬಟ್ಟಲು! ಬೈಟು ಮಾಡ್ಬೇಡಿ! ಅಜ್ಜಿ, ಆ ಕಪ್ಪು ಕೆಳಗಿಡಿ!" ಚಲಿಸುವ ಬಸ್ಸಿನಲ್ಲಿ ಹಿಂದಿನ ಬಾಗಿಲಿಗೆ ಕೇಳಿಸುವಂತೆ ಕೂಗಿದ ಗಂಟಲು ಇದು, ಸಣ್ಣದಲ್ಲ. ಕೆಲವರು ನಾಚಿ ಎದ್ದು ಹೋದರು. ಕೆಲವರು, ನಮ್ಮ ಮನೆಯ ವಿಷಯ ನಿನಗೇಕೆ ಎಂದು ಜಗಳಕ್ಕೆ ಬಂದರು. ಕಪ್ಪು ಹಿಡಿದ ಕೆಲವರು ನನ್ನನ್ನೇ ನೋಡುತ್ತ ಕುಡಿದುಬಿಟ್ಟರು. ಅವರಿಗೆ ಎಲ್ಲ ಗೊತ್ತಿತ್ತು ಎಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಅಂಥವರನ್ನು ನೋಡಿದ ದಿನ ನನಗೆ ಅನ್ನ ಸೇರುತ್ತಿರಲಿಲ್ಲ.

ಈಗ ನನ್ನ ತಮ್ಮ ಗುರುಮಲ್ಲುವಿನ ವಿಷಯ ಹೇಳಬೇಕು. ಅವ್ವ ಹೋದಾಗ ಅವನಿಗೆ ನಾಲ್ಕು ವರ್ಷ, ಎತ್ತಿ ಆಡಿಸಿದವಳು ನಾನು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ, ಬಸ್ಸು ನಿಂತ ಮೇಲೆ ವರ್ಷಗಟ್ಟಲೆ ಮನೆಯಲ್ಲೇ ಕೂತಿದ್ದ. ಅವನಿಗಿಬ್ಬರು ಹೆಣ್ಣುಮಕ್ಕಳು. ಕೊನೆಗೆ ಅದೇ ನೂಡಲ್ಸ್ ಅಂಗಡಿಯ ಸ್ಟೇಷನ್ ಶಾಖೆಯಲ್ಲಿ ಸೂಪರ್‌ವೈಸರ್ ಕೆಲಸ ಸಿಕ್ಕಿತು. ಒಂದು ವಾರ ಟ್ರೈನಿಂಗಿಗೆ ಹೋಗಿ ಬಂದವನು ಮೊದಲಿನಷ್ಟು ಮಾತಾಡಲಿಲ್ಲ. ಮನೆಗೆ ಬಂದಾಗ ಪರದೆಯ ಹಿಂದೆ ಏನಿದೆ ಎಂದು ಕೇಳಿದರೆ, "ನಂಗೂ ತೋರ್ಸಿಲ್ಲ ಕನಕ್ಕ" ಅನ್ನುತ್ತ ಗೋಡೆ ನೋಡುತ್ತಿದ್ದ. ನಾನು ಅವನ ಶಾಖೆಯಲ್ಲಿ ಕೂಗಾಡಿದಾಗ ಕೌಂಟರಿನ ಹಿಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಮೇಲಿನವರು, ನಿನ್ನ ಅಕ್ಕನನ್ನು ನೀನೇ ನೋಡಿಕೊ, ಇಲ್ಲವಾದರೆ ಕೆಲಸ ಬಿಡು ಎಂದಿದ್ದಾರೆಂದು ಅವನ ಹೆಂಡತಿಯಿಂದ ನನ್ನ ಕಿವಿಗೆ ಬಿದ್ದಿತ್ತು.

ಒಂದು ಮಂಗಳವಾರ ಮಧ್ಯಾಹ್ನ ಮೂರರ ಹೊತ್ತು, ಅಂಗಡಿಯಲ್ಲಿ ಜನವಿರಲಿಲ್ಲ. ನಾನು ಮೂರನೇ ಮೇಜಿನಲ್ಲಿ ಕೂತಿದ್ದೆ. ಗುರು ಬಂದು ಎದುರಿಗೆ ಕೂತ. ಏಪ್ರನ್ ಬಿಚ್ಚಿಟ್ಟು ಮನೆಯ ಶರ್ಟು ಹಾಕಿಕೊಂಡಿದ್ದ.

"ಅಕ್ಕ, ನಾವಿಬ್ರು ಒಟ್ಗೆ ಕೂತು ಉಂಡು ಎಷ್ಟು ದಿನ ಆಯ್ತು."

"ಆಯ್ತು ಕನ್ಲಾ, ತುಂಬ ದಿನ ಆಯ್ತು."

"ಚಿಕ್ ಮಗೀಗೆ ಹುಸಾರಿಲ್ಲ. ಆಸ್ಪತ್ರೆಲಿ ಅವ್ಳೆ. ಬಾ, ನೋಡ್ಕೊಂಡು ಬರವ." ಅಷ್ಟು ಹೇಳುವುದರೊಳಗೆ ಸಪ್ಲೈಯರ್ ಶುಂಠಿ ಸಾರಿನ ಬಟ್ಟಲನ್ನು ತಂದಿಟ್ಟ. ಜೊತೆಗೊಂದು ಕಪ್ಪು. ಕಪ್ಪಿಗೆ ಒಳಗೇ ಬಗ್ಗಿಸಿ ತಂದಿದ್ದರು, ಅರ್ಧಕ್ಕಿಂತ ಕಡಿಮೆ. ಗುರು ಅದನ್ನು ನನ್ನ ಮುಂದೆ ಸರಿಸಿದ. "ನಿಂಗೆ ಈಚೀಚೆಗೆ ಊಟ ಸೇರಲ್ವಲ್ಲ. ಅದ್ಕೆ ಕಮ್ಮಿ ಹಾಕ್ಸ್ದೆ."

ನಾನು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡಲಿಲ್ಲ. ಮಗು ಬೆಳಿಗ್ಗೆ ತಾನೆ ನಮ್ಮ ಬೀದಿಯಲ್ಲಿ ಹಗ್ಗದಾಟ ಆಡುತ್ತಿದ್ದುದನ್ನು ನಾನು ಕಂಡಿದ್ದೆ. ಅವನು ಚಾಪ್‌ಸ್ಟಿಕ್ ಎತ್ತಿಕೊಂಡು ತಿರುಗಿ ಕೆಳಗಿಟ್ಟ. ಸಪ್ಲೈಯರುಗಳು ನಾಲ್ವರೂ ಪರದೆಯ ಮುಂದೆ ಸಾಲಾಗಿ ನಿಂತು ನಮ್ಮನ್ನೇ ನೋಡುತ್ತಿದ್ದರು. ನಾಲ್ವರ ಮುಖವೂ ಒಂದೇ ಎಂದು ನನಗೆ ಅಷ್ಟು ದಿನ ಕಂಡಿರಲಿಲ್ಲ.

ಎದೆ ಒಡೆದುಹೋಯಿತು, ಸುಳ್ಳು ಹೇಳುವುದಿಲ್ಲ. ನನ್ನ ಸೊಂಟದ ಮೇಲೆ ಬೆಳೆದ ಜೀವ. ಕಪ್ಪನ್ನು ಅವನ ಮುಖಕ್ಕೆ ಎರಚಿ ಎದ್ದು ಹೋಗಬಹುದಿತ್ತು. ಹೋದರೆ ಅವನ ಕೆಲಸ ಹೋಗುತ್ತಿತ್ತು, ನಾಳೆ ಅವನ ಜಾಗಕ್ಕೆ ಬಂದವನು ನನ್ನನ್ನು ಬೇರೆ ರೀತಿ ನೋಡಿಕೊಳ್ಳುತ್ತಿದ್ದ. ನಾನು ಕೂಗಿದ್ದರಿಂದ ಸಾಲು ಕಡಿಮೆಯಾಗಿದ್ದೂ ಅಷ್ಟರಲ್ಲೇ ಇತ್ತು. ಬಟ್ಟಲು ಬಿಡುವುದಕ್ಕೆ ಮೇಷ್ಟ್ರಿದ್ದರು, ಆ ಮದುಮಗನೂ ಬಳೆಯವನೂ ಈಗ ಅವರ ಜೊತೆ ಸೇರಿದ್ದರು. ಇದೆಲ್ಲ ಲೆಕ್ಕಾಚಾರ. ನಿಜ ಹೇಳಬೇಕೆಂದರೆ, ಏಳು ತಿಂಗಳಿನಿಂದ ಒಬ್ಬಳೇ ಉಂಡು ಒಬ್ಬಳೇ ಮಲಗಿ ನನಗೆ ಸಾಕಾಗಿತ್ತು. ಅಲ್ಲಿ ಎಂಜಲು ತಿನ್ನುತ್ತ ನಿಂತವರ ಪಕ್ಕ ನಿಲ್ಲಬೇಕೆನಿಸಿತು.

ಕಪ್ಪು ಎತ್ತಿಕೊಂಡೆ. ಗುರು ಕಣ್ಣು ಮುಚ್ಚಿದ. ನಾನು ಕಪ್ಪಿನಿಂದ ಒಂದಿಷ್ಟನ್ನು ಅವನ ಬಟ್ಟಲಿಗೆ ಬಗ್ಗಿಸಿದೆ.

"ಬೈಟು ಅಂದ್ಮೇಲೆ ನಿಂಗೂ ಪೂರಾ ಇಲ್ವಲ್ಲ. ಇನ್ನೊಂಚೂರು ತಕ್ಕೊ" ಅಂದೆ. "ನೀನು ದಾಟ್ದೆ ಹೋದ್ರೆ ಆ ಹೆಣ್ಮಕ್ಕಳ ಗತಿಯೇನ್ಲಾ?"

ಅವನು ಕಣ್ಣು ಬಿಟ್ಟ. ಬಟ್ಟಲನ್ನೂ ನನ್ನನ್ನೂ ನೋಡಿದ. ಆಮೇಲೆ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅಳತೊಡಗಿದ. "ಬ್ಯಾಡಕ್ಕ, ಕುಡೀಬ್ಯಾಡ, ಮಡಗ್ಬುಡು" ಎಂದು ಕಪ್ಪಿಗೆ ಕೈ ಹಾಕಿದ. ಅಷ್ಟರಲ್ಲಿ ನಾನು ಕುಡಿದಾಗಿತ್ತು. ಎರಡು ಗುಟುಕು, ಅದರಲ್ಲಿ ಶುಂಠಿಯ ಒಂದು ಚೂರು.

"ತಿನ್ನು. ಒಂದೆಳೆನೂ ಬುಡಬ್ಯಾಡ" ಅಂದೆ. ಅವನು ಅಳುತ್ತ ಅಳುತ್ತ ತಿಂದ. ನಾನು ಪಕ್ಕದಲ್ಲಿ ಕೂತು, ಅವನು ನಾಲ್ಕು ವರ್ಷದವನಿದ್ದಾಗ ಕಾಯುತ್ತಿದ್ದಂತೆ ಬಟ್ಟಲು ಬರಿದಾಗುವವರೆಗೆ ಕಾದೆ. ಬಾಯಿ ಒರೆಸಿ, ರಟ್ಟೆ ಹಿಡಿದು ಎಬ್ಬಿಸಿ, ಬಾಗಿಲ ತನಕ ಕರೆದುಕೊಂಡು ಹೋದೆ. ಅವನು ನನ್ನ ಸೆರಗು ಹಿಡಿದುಕೊಂಡಿದ್ದ. ಬೆರಳು ಒಂದೊಂದಾಗಿ ಬಿಡಿಸಿ ಮುಂದೆ ತಳ್ಳಿದೆ. ಬಾಗಿಲು ತೆರೆದಾಗ ಆಸ್ಪತ್ರೆ ರಸ್ತೆಯ ಬೆಳಕು ಅವನ ತಲೆಯ ಮೇಲೆ ಬಿದ್ದುದು ಕಾಣಿಸಿತು, ಔಷಧಿ ಅಂಗಡಿಯ ಹಸಿರು ಬೋರ್ಡೂ ಕಾಣಿಸಿತು. ಬಾಗಿಲು ಮುಚ್ಚಿಕೊಂಡಿತು.

ಹಿಂದೆ ತಿರುಗಿ ನೋಡಲಿಲ್ಲ. ಕೈ ಮುಂದೆ ಚಾಚಿ ಬಾಗಿಲಿಗೆ ಹಚ್ಚಿದೆ, ಮರ ಬೆಚ್ಚಗಿತ್ತು. ಆ ಕಡೆಯಿಂದ ಈಗ ಆಸ್ಪತ್ರೆ ರಸ್ತೆಯದಲ್ಲ, ತುಂಬ ಜನ ಒಟ್ಟಿಗೆ ಮಾತಾಡುವ ಸದ್ದು ಬರುತ್ತಿತ್ತು. ನಡುವೆ ಒಂದು ದನಿ, ಕಿವಿ ಮಂದವಾದವರು ಮಾತಾಡುವ ಹಾಗೆ ಸ್ವಲ್ಪ ಜೋರಾಗಿ, "ನೂಕ್ಬೇಡಿ, ಸಾಲಾಗಿ ನಿಂತ್ಕಳಿ, ಎಲ್ರಿಗೂ ಜಾಗ ಅದೆ" ಎನ್ನುತ್ತಿತ್ತು.